ಜೊತೆಗಾರರು: ಒಬ್ಬರು

ಏಳು ಅರ್ಜಿ, ಒಂದೊಂದಕ್ಕೂ ಎರಡೆರಡು ಹಾಳೆ. ಮೂರನೆಯ ಸಲ ಎಣಿಸಿದಾಗಲೂ ಹದಿನಾಲ್ಕೇ ಬಂದವು. "ಅವೇನು ಮರಿ ಹಾಕಲ್ಲ ಸಾರ್," ಎಂದ ಎದುರು ಮೇಜಿನ ಗುಮಾಸ್ತ, ತಲೆ ಎತ್ತದೆ. ಇತಿಹಾಸದ ಮೇಷ್ಟ್ರು ನಕ್ಕರು. ನಗದಿದ್ದರೆ ಅನುಮಾನಕ್ಕೆ ಎಡೆಯಾದೀತು ಎಂಬಷ್ಟು ಅಳತೆಯ ನಗು. ಒಂಬತ್ತು ವರ್ಷದಿಂದ ಈ ದಿನ ಬೆಳಿಗ್ಗೆ ಅವರು ಹಾಳೆ ಎಣಿಸುತ್ತಿದ್ದರು, ಒಂಬತ್ತು ವರ್ಷದಿಂದ ಅವನು ಇದೇ ಮಾತು ಆಡುತ್ತಿದ್ದ, ಮತ್ತು ಪ್ರತಿ ಸಲವೂ ಇವನಿಗೆ ಗೊತ್ತಿದೆ, ಗೊತ್ತಿದ್ದೇ ಆಡುತ್ತಾನೆ ಎಂದು ಅವರಿಗೆ ಅನ್ನಿಸುತ್ತಿತ್ತು. ಗೊತ್ತಿರಲು ಸಾಧ್ಯವಿರಲಿಲ್ಲ. ಒಂಬತ್ತು ವರ್ಷದ ಹಿಂದಿನ ಆ ಒಂದು ಅರ್ಜಿಯ ಎರಡನೆಯ ಹಾಳೆಯನ್ನು ಅವರು ಸುಟ್ಟದ್ದು ತಮ್ಮ ಮನೆಯ ಅಡುಗೆಮನೆಯಲ್ಲಿ, ಹಾಲು ಕಾಯುತ್ತಿದ್ದ ಒಲೆಯ ಉರಿಗೆ ಹಿಡಿದು. ಕಂಡವಳು ಹೆಂಡತಿ ಒಬ್ಬಳೇ. ಅವಳು ಅಂದದ್ದೂ ಇಷ್ಟೇ: "ಹಾಲು ಉಕ್ಕತ್ತೆ, ಆಚೆ ಸರೀರಿ." ಆಮೇಲೆ ಒಂದು ದಿನವೂ ಅದೇನು ಕಾಗದ ಎಂದು ಕೇಳಲಿಲ್ಲ. ಕೇಳದೆ ಇರುವುದನ್ನು ಅವಳು ಎಷ್ಟು ಅಚ್ಚುಕಟ್ಟಾಗಿ ಮಾಡಿಕೊಂಡು ಬಂದಿದ್ದಳೆಂದರೆ, ಇವತ್ತು ಬೆಳಿಗ್ಗೆ ಕೂಡ ಇಸ್ತ್ರಿ ಮಾಡಿದ ಅಂಗಿಯನ್ನು ಕುರ್ಚಿಯ ಮೇಲೆ ಹಾಸುತ್ತ, "ಇವತ್ತು ಅದೇ ಅಲ್ವಾ," ಎಂದಷ್ಟೇ ಹೇಳಿ ಒಳಗೆ ಹೋಗಿದ್ದಳು.

ಅದೇ. ಪದವಿ ಓದುವ ಇತಿಹಾಸದ ಮಕ್ಕಳಲ್ಲಿ ತಾವೇ ಹುಡುಕಿ, ತಾವೇ ಕೇಳಿ, ತಾವೇ ಬರೆಯುತ್ತೇವೆಂದು ಬಂದವರಿಗೆ ಓಡಾಟದ, ಛಾಯಾಪ್ರತಿಯ ಖರ್ಚನ್ನು ಕಾಲೇಜು ಕೊಡುವ ದಿನ. ಮೊದಲೂ ಇಂಥದೊಂದು ಪುಡಿಗಾಸು ಇತ್ತು, ಅದನ್ನು ಹಂಚುವುದು ಮೇಷ್ಟ್ರ ಒಬ್ಬರದೇ ಕೆಲಸವಾಗಿತ್ತು. ಈಗಿರುವುದು ಬೇರೆ. ಈಗಿನ ನಿಧಿ ಒಬ್ಬ ಹುಡುಗನ ಹೆಸರಿನದು. ತರಗತಿಯಲ್ಲಿ ಎಲ್ಲರೂ ಅವನನ್ನು ಕಡ್ಡಿ ಅನ್ನುತ್ತಿದ್ದರು. ಬೆಂಚಿನ ತುದಿಗೆ ಕುಳಿತರೆ ಕಿಟಕಿಯ ಸರಳಿನ ನೆರಳು ಯಾವುದು, ಅವನು ಯಾವುದು ಎಂದು ತಿಳಿಯುತ್ತಿರಲಿಲ್ಲ. ಅವನು ಸತ್ತ ಮೇಲೆ ಕಾಲೇಜು ಕೊಟ್ಟ ಪರಿಹಾರವನ್ನು ಅವನ ತಾಯಿ, ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಟೈಲರಮ್ಮ, ಲಕೋಟೆಯನ್ನು ಒಡೆಯದೆಯೇ ಹಿಂದಕ್ಕೆ ತಂದು ಇದೇ ಮೇಜಿನ ಮೇಲೆ ಇಟ್ಟಿದ್ದಳು. "ಇದು ನನ್ನ ಗಂಟಲಲ್ಲಿ ಇಳಿಯಲ್ಲ ಮೇಷ್ಟ್ರೇ. ಅವನ ತರ ಹುಡುಕೋ ಹುಚ್ಚಿರೋ ಮಕ್ಕಳಿಗೆ ಕೊಡಿ. ನೀವೇ ನೋಡ್ಕೊಳ್ಳಿ. ನೀವಂದ್ರೆ ಅವನಿಗೆ ಪ್ರಾಣ." ಆ ಕೊನೆಯ ಮಾತನ್ನು ಅವಳು ಸುಮ್ಮನೆ ಆಡಿದ್ದಳು, ಪರೀಕ್ಷಿಸಲು ಅಲ್ಲ. ಹಾಗಾಗಿಯೇ ಅದು ಒಳಗೆ ಹೋಗಿ ಕುಳಿತಿತ್ತು.

ಪ್ರಾಣ. ಮೆಟ್ಟಿಲು ಹತ್ತಿ ಪ್ರಿನ್ಸಿಪಾಲರ ಕೋಣೆಯ ಕಡೆ ನಡೆಯುವಾಗ ಮೇಷ್ಟ್ರು ಆ ಮಾತನ್ನು ಹಲ್ಲಿನ ನಡುವೆ ಸಿಕ್ಕ ನಾರಿನಂತೆ ನಾಲಗೆಯಿಂದ ತಳ್ಳುತ್ತಿದ್ದರು. ಕಡ್ಡಿ ಎದ್ದು ನಿಂತದ್ದು ಒಂದು ಸೋಮವಾರ. ಊರಾಚೆ ಪಾಳುಬಿದ್ದ ಹಳೆಯ ಪಂಪ್‌ಹೌಸ್ ಯಾವಾಗ ಕಟ್ಟಿದ್ದು ಎಂದು ಪಾಠದ ನಡುವೆ ಅವರು ಒಂದು ಇಸವಿ ಹೇಳಿದ್ದರು. ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದ ಇಸವಿ. "ಸಾರ್, ಬಾಗಿಲ ಕಲ್ಲಿನ ಮೇಲೆ ಬೇರೆ ಇದೆ. ನಾನು ನೋಡ್ಕೊಂಡು ಬಂದೆ," ಎಂದಿದ್ದ. ದನಿಯಲ್ಲಿ ಸೊಕ್ಕಿರಲಿಲ್ಲ, ಸಂತೋಷವಿತ್ತು. ಹಿಂದಿನ ಬೆಂಚು ಕಿಸಕ್ಕೆಂದಿತು. ಶುಕ್ರವಾರ ಅವನ ಅರ್ಜಿ ಅವರ ಮುಂದೆ ಬಂತು. ಪಂಪ್‌ಹೌಸಿನ ನೆಲದಡಿಯ ಬಾವಿಕೋಣೆಯ ಗೋಡೆಯ ಮೇಲೆ ಅದನ್ನು ಕಟ್ಟಿದ ಕೂಲಿಗಳು ತಮ್ಮ ಹೆಸರು ಕೆತ್ತಿದ್ದಾರೆ, ದಾಖಲೆಯಲ್ಲಿ ಇಂಜಿನಿಯರನ ಹೆಸರು ಮಾತ್ರ ಇದೆ, ಗೋಡೆಯ ಹೆಸರುಗಳನ್ನು ಬರೆದುಕೊಂಡು ಅವರ ಮೊಮ್ಮಕ್ಕಳನ್ನು ಹುಡುಕುತ್ತೇನೆ ಎಂದು. ಇಪ್ಪತ್ತು ವರ್ಷದಲ್ಲಿ ಅಂಥ ಅರ್ಜಿ ಅವರ ಕೈಗೆ ಬಂದಿರಲಿಲ್ಲ, ಅದು ಅವರಿಗೆ ಮೊದಲ ಸಾಲಿಗೇ ತಿಳಿದಿತ್ತು. ಎರಡನೆಯ ಹಾಳೆಯಲ್ಲಿ ಖರ್ಚಿನ ಬಾಬತ್ತು. ಅದರಲ್ಲೊಂದು ಸಾಲು, ಜೊತೆಗೆ ಒಬ್ಬರು ಬೇಕು ಎಂದು. ಕೆಂಪು ಪೆನ್ನಿನಿಂದ ಅವರು ಅದನ್ನು ಹೊಡೆದುಹಾಕಿದರು. ಇದ್ದ ಹಣ ಇಬ್ಬರ ಖರ್ಚಿಗೆ ಸಾಲದು ಎಂಬುದು ನಿಜ. ತಾವು ಓದುವಾಗ ಎಲ್ಲ ಕಡೆ ಒಬ್ಬರೇ ಹೋಗುತ್ತಿದ್ದುದೂ ನಿಜ. ಆದರೆ ಪೆನ್ನು ಕಾಗದದ ಮೇಲೆ ಎಳೆಯುವಾಗ ಕಿವಿಯಲ್ಲಿ ಆ ಕಿಸಕ್ಕೆಂಬ ನಗು ಇತ್ತೋ ಇಲ್ಲವೋ? ಇದ್ದರೆ ಅದು ಒಂದು, ಇಲ್ಲದಿದ್ದರೆ ಬೇರೆಯೇ ಒಂದು. ಒಂಬತ್ತು ವರ್ಷ ಅವರು ಆ ಕ್ಷಣಕ್ಕೆ ಮತ್ತೆ ಮತ್ತೆ ಹೋಗಿ, ಬಾಗಿಲಿಗೆ ಕಿವಿ ಇಟ್ಟವರಂತೆ ಆಲಿಸಿದ್ದರು. ಕೇಳಿಸುತ್ತಿದ್ದದ್ದು ಪೆನ್ನಿನ ಸದ್ದು ಮಾತ್ರ.

ಅವನು ಒಬ್ಬನೇ ಹೋದ. ಮೂರನೆಯ ದಿನ, ಮೀನಿಗೆಂದು ಆ ಕಡೆ ಬಂದವರು ಬಾವಿಕೋಣೆಯಲ್ಲಿ ಅವನನ್ನು ಕಂಡರು. ಏಣಿ ಜಾರಿತ್ತು, ತೊಡೆಯ ಮೂಳೆ ಮುರಿದಿತ್ತು. ಬಿದ್ದ ಮೇಲೂ ಒಂದು ದಿನವಾದರೂ ಜೀವ ಇದ್ದಿರಬೇಕು ಎಂದ ಡಾಕ್ಟರು. ಅದಕ್ಕೆ ಡಾಕ್ಟರೇ ಬೇಕಿರಲಿಲ್ಲ. ನೋಟ್‌ಬುಕ್ಕಿನ ಕೊನೆಯ ಹನ್ನೊಂದು ಹೆಸರುಗಳು ಮಲಗಿಕೊಂಡೇ ಬರೆದವು, ಇಳಿಜಾರಿನಲ್ಲಿ ಉರುಳುವ ಕಲ್ಲುಗಳಂತೆ ಸಾಲು ಕೆಳಕ್ಕೆ ಕೆಳಕ್ಕೆ ಹೋಗಿತ್ತು. ಅವನು ಬಿದ್ದಲ್ಲಿಂದ ಗೋಡೆಯ ಎಷ್ಟು ಭಾಗ ಕಾಣುತ್ತಿತ್ತೋ ಅಷ್ಟನ್ನೂ ಬರೆದು ಮುಗಿಸಿದ್ದ. ವಿಚಾರಣೆಗೆ ಬಂದ ಇಬ್ಬರು ಅಧಿಕಾರಿಗಳು ಟೀ ಕುಡಿಯುತ್ತ ಕೇಳಿದ ಪ್ರಶ್ನೆ ಒಂದೇ: ಜೊತೆಗೆ ಯಾರನ್ನಾದರೂ ಕೇಳಿದ್ದನೇ? ಮೇಷ್ಟ್ರ ಬಾಯಿಂದ ಬಂದ ಉತ್ತರ ಅವರಿಗಿಂತ ಮೊದಲೇ ಸಿದ್ಧವಾಗಿ ನಿಂತಿದ್ದಂತಿತ್ತು. ಇಲ್ಲ. ಅರ್ಜಿ ಒಂದೇ ಹಾಳೆಯದು. ಹೋಗುವ ದಿನವನ್ನೂ ತಿಳಿಸಲಿಲ್ಲ. ವರದಿಯಲ್ಲಿ 'ವಿದ್ಯಾರ್ಥಿಯ ಹುಂಬತನ' ಎಂದು ಬರೆದರು. ಗುಮಾಸ್ತ ಅದನ್ನು ಟೈಲರಮ್ಮನಿಗೆ ಓದಿ ಹೇಳಿದಾಗ ಅವಳು ಹುಂಬತನ ಎಂಬ ಮಾತನ್ನು ಇನ್ನೊಂದು ಸಲ ಓದಿಸಿದ್ದಳು.

ಆಮೇಲೆ ಮೇಷ್ಟ್ರ ಕಿವಿಯಲ್ಲಿ ಶುರುವಾದದ್ದು ಏಣಿಯ ಕಾಲು ಕಲ್ಲಿನ ಮೇಲೆ ಎಳೆದ ಸದ್ದು. ಅವರು ಕೇಳಿಯೇ ಇರದ ಸದ್ದು. ಕುರ್ಚಿ ಸರಿಸಿದರೆ ಅದು, ಸೀಮೆಸುಣ್ಣ ಓರೆಯಾಗಿ ಹಿಡಿದರೆ ಅದು. ನಿಧಿಯ ನಿಯಮಗಳನ್ನು ಬರೆಯಲು ಅವರನ್ನೇ ಕೂರಿಸಿದಾಗ ಜೊತೆಗಾರರಿಗೆ ಖರ್ಚು ಎಂದು ಒಂದು ಸಾಲು ಸೇರಿಸಬೇಕು ಎಂದುಕೊಂಡೇ ಕುಳಿತರು. ಸೇರಿಸಿದರೆ ಯಾರಾದರೂ ಕೇಳಬಹುದು: ಇದು ಮೊದಲು ಯಾಕೆ ಹೊಳೆಯಲಿಲ್ಲ? ಸೇರಿಸಲಿಲ್ಲ. ಬದಲಿಗೆ ತಾವೇ ಮಕ್ಕಳ ಹಿಂದೆ ಹೋಗತೊಡಗಿದರು. ಯಾರು ಯಾವ ದಿನ ಎಲ್ಲಿಗೆ ಎಂದು ಅರ್ಜಿಯಿಂದ ಗುರುತು ಹಾಕಿಕೊಂಡು, ರಜೆ ಹಾಕಿ, ಹಳೆಯ ಜೈಲಿನ ಎದುರು, ಮುಚ್ಚಿದ ಅಚ್ಚುಕೂಟದ ಎದುರು, ಸ್ಮಶಾನದ ಗೇಟಿನ ಎದುರು ಯಾವುದಾದರೂ ಟೀ ಅಂಗಡಿಯಲ್ಲಿ ಪೇಪರು ಬಿಡಿಸಿ ಕೂರುವುದು. ಒಳಹೋದ ಹುಡುಗನೋ ಹುಡುಗಿಯೋ ಧೂಳು ಕೊಡವಿಕೊಂಡು ಹೊರಗೆ ಬಂದ ಮೇಲೆ ಎದ್ದು ಹೋಗುವುದು. ಮಕ್ಕಳಿಗೆ ತಿಳಿಯದೆ ಇರುತ್ತದೆಯೇ? 'ಬಾಲ' ಎಂದು ಹೆಸರಿಟ್ಟರು. "ನಿಂಗೆ ನಿಧಿ ಸಿಕ್ತಾ? ಹಾಗಾದ್ರೆ ಬಾಲಾನೂ ಸಿಕ್ತು ಬಿಡು," ಎಂದು ಕಾರಿಡಾರಿನಲ್ಲಿ ಆಡಿಕೊಳ್ಳುವುದನ್ನು ಅವರು ಕೇಳಿಸಿಕೊಂಡೇ ಕೇಳಿಸದವರಂತೆ ದಾಟಿದ್ದರು. ಕಳೆದ ವರ್ಷ ಆಸ್ಪತ್ರೆಯ ಹಳೆಯ ದಾಖಲೆಕೋಣೆಗೆ ಹೋದ ಹುಡುಗಿ ಹೊರಗೆ ಬಂದವಳು ನೇರ ರಸ್ತೆ ದಾಟಿ ಅವರ ಮುಂದೆ ನಿಂತು, ಪೇಪರನ್ನು ದಿಟ್ಟಿಸಿ ಹೋಗಿದ್ದಳು. ಪೇಪರು ನಿನ್ನೆಯದಾಗಿತ್ತು.

ಕೋಣೆಯಲ್ಲಿ ಟೈಲರಮ್ಮ ಆಗಲೇ ಬಂದು ಕುಳಿತಿದ್ದಳು. ಪ್ರತಿ ವರ್ಷದ ಹಾಗೆ ಕಿಟಕಿಯ ಪಕ್ಕದ ಕುರ್ಚಿ, ತೊಡೆಯ ಮೇಲೆ ಚೀಲ, ಬಲಗೈ ಹೆಬ್ಬೆರಳಲ್ಲಿ ಕತ್ತರಿ ಒತ್ತಿ ಜಡ್ಡುಗಟ್ಟಿದ ಗಂಟು. ಮೇಷ್ಟ್ರು ಕೈಮುಗಿದರು. ಅವಳು ಎದ್ದು ನಿಲ್ಲಲು ಹೊರಟಳು. ಆ ಎದ್ದೇಳುವಿಕೆ ಅವರಿಗೆ ಪ್ರತಿ ವರ್ಷವೂ ಕೆನ್ನೆಗೆ ಬಿದ್ದ ಏಟಿನಂತೆ ಇರುತ್ತಿತ್ತು. ಪ್ರಿನ್ಸಿಪಾಲರು, ಅರ್ಥಶಾಸ್ತ್ರದ ಮೇಡಂ, ಬರೆದುಕೊಳ್ಳಲು ಗುಮಾಸ್ತ. ಮಕ್ಕಳು ಒಬ್ಬೊಬ್ಬರಾಗಿ ಬಂದು ಹೋದರು. ಕೊನೆಯವಳು ಎರಡನೆಯ ವರ್ಷದ ಹುಡುಗಿ. ಮುಚ್ಚಿಹೋದ ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ದುಡಿದ ಹೆಂಗಸರ ಬಗ್ಗೆ ಬರೆಯಬೇಕಂತೆ. ಅವಳ ಅಜ್ಜಿ ಅಲ್ಲಿ ಕಡ್ಡಿ ಜೋಡಿಸುತ್ತಿದ್ದಳಂತೆ. ಹಾಜರಿ ಪುಸ್ತಕಗಳೆಲ್ಲ ಇನ್ನೂ ಕಾರ್ಖಾನೆಯ ಅಟ್ಟದ ಮೇಲೆ ಬಿದ್ದಿವೆಯಂತೆ. ಅವಳು ಮಾತಾಡುವಾಗ ಎರಡು ಕೈಯನ್ನೂ ಮೇಜಿನ ಅಂಚಿಗೆ ಒತ್ತಿ ಹಿಡಿದಿದ್ದಳು, ಮೇಜು ಎಲ್ಲಿಗೋ ಹೊರಟಿದೆಯೋ ಎಂಬಂತೆ.

"ಅಲ್ಲಿ ಬೆಳಕು ಇರತ್ತಾ ಮಗಾ?" ಎಂದಳು ಟೈಲರಮ್ಮ. ಎಲ್ಲರಿಗೂ ಅವಳು ಕೇಳುವ ಪ್ರಶ್ನೆ ಅದೊಂದೇ.

"ಇರತ್ತೆ ಅಮ್ಮಾ. ಮೇಲಿನ ಹೆಂಚು ಒಡೆದಿದೆ."

ಪ್ರಿನ್ಸಿಪಾಲರು ಎರಡನೆಯ ಹಾಳೆಯ ಮೇಲೆ ಬೆರಳಿಟ್ಟರು. "ಇದೇನಮ್ಮ ಇದು, ಜೊತೆಗಾರರು ನಾಲ್ಕು ದಿನ ಅಂತ? ಸಿನಿಮಾಗೂ ಜೊತೆ, ಸಂಶೋಧನೆಗೂ ಜೊತೆ?"

"ಅಟ್ಟದ ಹಲಗೆ ಪೊಳ್ಳಾಗಿದೆ ಸಾರ್. ನಾನು ಮೇಲೆ ಹೋದ್ರೆ ಕೆಳಗೆ ಒಬ್ರು ಇರಬೇಕು."

"ನಿಯಮ ಏನು ಹೇಳತ್ತೆ ಮೇಷ್ಟ್ರೇ? ಬರೆದವರು ನೀವು."

"ನಿಯಮದಲ್ಲಿ ಇಲ್ಲ," ಎಂದರು ಮೇಷ್ಟ್ರು. ವಿಚಾರಣೆಯ ದಿನದ ಅದೇ ದನಿ, ಅದೇ ವೇಗ. ಹೇಳಿದ ಮೇಲೆ ಅವರ ಕೈ ಜೇಬಿನ ಪೆನ್ನಿನ ಕಡೆ ಹೋಗುತ್ತಿರುವುದನ್ನು ಅವರೇ ಕಂಡರು. ಬೇರೆ ಯಾರದೋ ಕೈಯನ್ನು ಕಂಡಂತೆ. ಹುಡುಗಿಯನ್ನು ಹೊರಗೆ ಕೂರಲು ಹೇಳಿದರು. ಅವಳ ಕುರ್ಚಿ ನೆಲಕ್ಕೆ ಉಜ್ಜಿ ಹಿಂದೆ ಸರಿಯಿತು. ಮೇಷ್ಟ್ರು ಕಣ್ಣು ಮುಚ್ಚಿ ತೆರೆದರು.

ಆಗ ಪ್ರಿನ್ಸಿಪಾಲರು ಡ್ರಾಯರಿನಿಂದ ಒಂದು ಪತ್ರ ತೆಗೆದು, ಕನ್ನಡಕ ಸರಿಮಾಡಿಕೊಂಡು, ಮೇಷ್ಟ್ರ ಮುಖ ನೋಡದೆ, "ಇನ್ನೊಂದು ವಿಷಯ ಇದೆ. ನಿಧಿಗೆ ಸಂಬಂಧಪಟ್ಟದ್ದೇ, ಅದಕ್ಕೇ ಇಲ್ಲೇ ಹೇಳ್ತೀನಿ," ಎಂದರು. ಕಳೆದ ವರ್ಷದ ಹುಡುಗಿಯ ತಂದೆ ಬರೆದದ್ದು. ನನ್ನ ಮಗಳು ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಐದು ದಿನವೂ ತಮ್ಮ ಕಾಲೇಜಿನ ಇತಿಹಾಸದ ಅಧ್ಯಾಪಕರು ಎದುರಿನ ಅಂಗಡಿಯಲ್ಲಿ ಕುಳಿತು ಅವಳನ್ನು ಕಾಯುತ್ತಿದ್ದರು, ಬಸ್ ನಿಲ್ದಾಣದವರೆಗೆ ಹಿಂದೆ ಬಂದರು. ಮೊದಮೊದಲು ಹೇಳಲು ನಾಚಿದಳು. ಈ ವಯಸ್ಸಿನಲ್ಲಿ ಇದೆಂಥ ನಡತೆ. ಓದುತ್ತ ಓದುತ್ತ ಪ್ರಿನ್ಸಿಪಾಲರ ದನಿ ಸಣ್ಣಗಾಯಿತು. "ಅಮ್ಮನ ಮುಂದೆ ಇದು ಬೇಕಿತ್ತಾ?" ಎಂದರು ಅರ್ಥಶಾಸ್ತ್ರದ ಮೇಡಂ, ಮತ್ತು ತಮ್ಮ ಕುರ್ಚಿಯನ್ನು ಗೊತ್ತಾಗಿಯೋ ಗೊತ್ತಾಗದೆಯೋ ಮೇಷ್ಟ್ರಿಂದ ಒಂದು ಗೇಣು ಆಚೆಗೆ ಸರಿಸಿಕೊಂಡರು. ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ್ದ. ಮೇಷ್ಟ್ರಿಗೆ ಮೈ ಬೆವರಿತು. ಆದರೆ ಬೆವರಿನ ಅಡಿಯಲ್ಲಿ ಒಂದು ವಿಚಿತ್ರ ತಂಪಿತ್ತು. ಯಾರೋ ಕೊನೆಗೂ ಬೆರಳು ಮಾಡಿ ತೋರಿಸುತ್ತಿದ್ದಾರೆ, ತೋರಿಸುತ್ತಿರುವ ತಪ್ಪು ಬೇರೆಯದಾದರೇನು. ಇದನ್ನೇ ಒಪ್ಪಿಕೊಂಡುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದೂ ಸುಳ್ಳಲ್ಲ.

"ಬರೀ ಹುಡುಗೀರ ಹಿಂದೇನಾ?" ಎಂದಳು ಟೈಲರಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಟ್ಟೆ ಎಷ್ಟು ಗಜ ಎಂದು ಕೇಳುವ ದನಿ.

"ಅಲ್ಲ. ಎಲ್ಲರ ಹಿಂದೆ. ಒಂಬತ್ತು ವರ್ಷದಿಂದ," ಎಂದರು ಮೇಷ್ಟ್ರು.

"ಹೌದು ಸಾರ್," ಎಂದ ಗುಮಾಸ್ತ ಅನಿರೀಕ್ಷಿತವಾಗಿ, ಪ್ರಿನ್ಸಿಪಾಲರ ಕಡೆ ತಿರುಗಿ. "ಎಲ್ಲ ಮಕ್ಕಳಿಗೂ ಗೊತ್ತು. ಬಾಲ ಅಂತಾರೆ. ರಜಾ ಅರ್ಜಿ ಎಲ್ಲ ನನ್ನ ಹತ್ರಾನೇ ಇವೆ, ದಿನಾಂಕ ತಾಳೆ ಹಾಕಿ ನೋಡಿ ಬೇಕಾದ್ರೆ."

ಕೋಣೆಯ ಗಾಳಿ ಬದಲಾಯಿತು. ಪ್ರಿನ್ಸಿಪಾಲರು ಪತ್ರವನ್ನು ಮಡಿಚಿ, ದಾರಿ ಸಿಕ್ಕವರಂತೆ ಉಸಿರು ಬಿಟ್ಟರು. "ಅಂದ್ರೆ ಮಕ್ಕಳ ಮೇಲಿನ ಕಾಳಜಿಯಿಂದ. ಹೇಳಬಾರದಾ ಮೇಷ್ಟ್ರೇ ಮೊದಲೇ? ನಾನು ಹಾಗೇ ಉತ್ತರ ಬರೀತೀನಿ." ಮೇಡಂ ತಲೆ ತಗ್ಗಿಸಿ, "ಸಾರಿ ಸಾರ್," ಎಂದರು. ಟೈಲರಮ್ಮ ಎದ್ದು ಬಂದಳು. ಚೀಲವನ್ನು ಕುರ್ಚಿಯ ಮೇಲೆ ಬಿಟ್ಟು, ಮೇಜನ್ನು ಸುತ್ತು ಹಾಕಿ ಬಂದು, ಮೇಷ್ಟ್ರ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು. "ನನ್ನ ಮಗ ಹೋದ ಅಂತ ಊರಿನ ಮಕ್ಕಳನ್ನೆಲ್ಲ ಕಾಯ್ಕೊಂಡು ಕೂತಿದ್ರಾ ಮೇಷ್ಟ್ರೇ? ನಂಗೊಂದು ಮಾತು ಹೇಳಲಿಲ್ಲ. ಹೆತ್ತವಳು ನಾನೇ ಇಷ್ಟು ಮಾಡಲಿಲ್ಲ." ಅವಳು ಆ ಕೈಯನ್ನು ಎತ್ತಿ ತನ್ನ ಹಣೆಗೆ ಮುಟ್ಟಿಸಿಕೊಳ್ಳಲು ಹೊರಟಳು.

ಕೈ ಹಣೆಯ ಹತ್ತಿರ ಹೋಗುವುದನ್ನು ಮೇಷ್ಟ್ರು ನೋಡಿದರು. ಇದು ಪೆನ್ನು ಹಿಡಿದ ಕೈ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದರೆ ಈ ಕೋಣೆಯಿಂದ ಅವರು ದೊಡ್ಡ ಮನುಷ್ಯರಾಗಿ ಹೊರಗೆ ಹೋಗುತ್ತಿದ್ದರು, ನಿವೃತ್ತಿಯ ದಿನ ಯಾರಾದರೂ ಭಾಷಣದಲ್ಲಿ ಈ ಕತೆ ಹೇಳುತ್ತಿದ್ದರು, ಟೈಲರಮ್ಮ ಮುಂದಿನ ವರ್ಷ ಇನ್ನೂ ಬೇಗ ಎದ್ದು ನಿಲ್ಲುತ್ತಿದ್ದಳು. ಅವರು ಕೈ ಎಳೆದುಕೊಂಡರು. ತುಂಬಾ ಜೋರಾಗಿ ಎಳೆದುಕೊಂಡರೆಂದು ಕಾಣುತ್ತದೆ, ಅವಳು ತೂರಾಡಿ ಮೇಜು ಹಿಡಿದಳು.

"ಅವನು ಕೇಳಿದ್ದ," ಎಂದರು. "ಜೊತೆಗೆ ಒಬ್ಬರು ಬೇಕು ಅಂತ ಬರೆದಿದ್ದ. ಎರಡನೇ ಹಾಳೆ ಇತ್ತು. ಆ ಸಾಲು ಹೊಡೆದದ್ದು ನಾನು. ಅವನು ಸತ್ತ ಮೇಲೆ ಹಾಳೆ ಸುಟ್ಟೆ. ವಿಚಾರಣೇಲಿ ಹಾಳೇನೇ ಇರಲಿಲ್ಲ ಅಂದೆ."

ಹೇಳಿ ಮುಗಿಯಲು ಇಷ್ಟೇ ಹೊತ್ತು ಬೇಕಾಯಿತೇ ಎಂದು ಅವರಿಗೇ ಆಶ್ಚರ್ಯವಾಯಿತು. ಪ್ರಿನ್ಸಿಪಾಲರು, "ಮೇಷ್ಟ್ರೇ, ಇದೆಲ್ಲ ಈಗ್ಯಾಕೆ, ಆಗಿ ಹೋದದ್ದು," ಎಂದು ಅರ್ಧ ಎದ್ದರು. ಗುಮಾಸ್ತ ಪೆನ್ನು ಎತ್ತಿ ಹಿಡಿದು ಯಾರ ಮುಖ ನೋಡಬೇಕೋ ತಿಳಿಯದೆ, ಕೊನೆಗೆ ಮೇಷ್ಟ್ರನ್ನೇ, "ಬರ್ಕೊಳ್ಳಲಾ ಸಾರ್?" ಎಂದು ಕೇಳಿದ.

"ಬರ್ಕೋ."

"ಮೊದಲು ಆ ಹುಡುಗಿಗೆ ಜೊತೆಗಾರರನ್ನ ಕೊಟ್ಟಿದೀವಿ ಅಂತ ಬರ್ಕೊಳ್ಳಿ," ಎಂದರು ಮೇಡಂ ಒಣ ದನಿಯಲ್ಲಿ. "ಮಿಕ್ಕದ್ದು ಆಮೇಲೆ." ಯಾರೂ ಅಲ್ಲಗಳೆಯಲಿಲ್ಲ.

ಟೈಲರಮ್ಮ ಚೀಲವನ್ನೂ ತೆಗೆದುಕೊಳ್ಳದೆ ಬಾಗಿಲು ದಾಟಿದ್ದಳು. ಮೇಷ್ಟ್ರು ಚೀಲ ಎತ್ತಿಕೊಂಡು ಹಿಂದೆ ಹೋದರು. ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಅವಳು ಕುಳಿತಿದ್ದಳು, ಪಕ್ಕದಲ್ಲಿ ಆ ಹುಡುಗಿ. "ನಂದು ಆಗಲಿಲ್ವಾ ಅಮ್ಮಾ?" ಎಂದು ಕೇಳುತ್ತಿದ್ದಳು ಹುಡುಗಿ. "ಆಗತ್ತೆ. ಒಬ್ಬಳೇ ಹೋಗಬೇಡ, ಆಯ್ತಾ? ಹೋಗು, ಮನೇಲಿ ಹೇಳು." ಹುಡುಗಿ ಮೇಷ್ಟ್ರ ಮುಖವನ್ನೂ ಅವರ ಕೈಯ ಹೆಂಗಸರ ಚೀಲವನ್ನೂ ನೋಡಿ ಮೆಟ್ಟಿಲಿಳಿದಳು. ಮೇಷ್ಟ್ರು ಚೀಲವನ್ನು ಬೆಂಚಿನ ಮೇಲಿಟ್ಟು ನಿಂತರು. ಈಗ ಬರುತ್ತದೆ, ಎಂದುಕೊಂಡರು. ಒಂಬತ್ತು ವರ್ಷ ಅವರು ಒಳಗೊಳಗೇ ಬರೆದು ತಿದ್ದಿ ಇಟ್ಟ ಬೈಗುಳಗಳೆಲ್ಲ ಅವಳ ಬಾಯಲ್ಲಿ ಬರುತ್ತವೆ. ಬಂದರೆ ಸಾಕು, ಕಾಲು ಹಿಡಿಯಬಹುದು, ಅಳಬಹುದು, ಮನೆಗೆ ಹೋಗಬಹುದು. ಅದಕ್ಕಾಗಿ ತಾವು ಬಾಯಾರಿದವರಂತೆ ಕಾಯುತ್ತಿರುವುದು ತಿಳಿದು ನಾಚಿಕೆಯಾಯಿತು.

"ಏನಂತ ಬರೆದಿದ್ದ?" ಎಂದಳು ಅವಳು ಗೋಡೆಯ ಕಡೆ ನೋಡುತ್ತ. "ಹಾಳೆ ಸುಟ್ಟೆ ಅಂದ್ರಲ್ಲ. ನೆನಪಿದ್ಯಾ? ಅವನು ಬರೆದ ಹಾಗೇ ಹೇಳಿ."

"ಜೊತೆಗಾರರು: ಒಬ್ಬರು. ಮೂರು ದಿನ. ಎಣಿ ಹಿಡಿಯಲು."

"ಎಣಿ?"

"ಏಣಿ ಅಂತ ಬರೀಬೇಕಿತ್ತು. ಎಣಿ ಅಂತ ಬರೆದಿದ್ದ. ನಾನು ಮೊದಲು ಅದನ್ನ ತಿದ್ದಿದೆ. ಆಮೇಲೆ ಇಡೀ ಸಾಲು ಹೊಡೆದೆ."

ಅವಳ ತುಟಿ ಆ ಪದವನ್ನು ಎರಡು ಸಲ ಆಡಿ ನೋಡಿತು. "ದೀರ್ಘ ಅವನಿಗೆ ಯಾವತ್ತೂ ಬರಲಿಲ್ಲ," ಎಂದಳು ಕೊನೆಗೆ. "ನನ್ನ ಅಳತೆ ಪುಸ್ತಕ ಅವನೇ ಬರೀತಿದ್ದದ್ದು. ತೋಳು ಅನ್ನೋದನ್ನ ತೊಳು ಅಂತ ಬರೆಯೋನು. ಯಾರ ಅಂಗಿಗೂ ಕಡಿಮೆ ಆಗಲಿಲ್ಲ ಬಿಡು ಅಂತ ನಾನೂ ತಿದ್ದಲಿಲ್ಲ." ಆಮೇಲೆ, ಇನ್ನೂ ತಗ್ಗಿದ ದನಿಯಲ್ಲಿ: "ಹಾಗಾದ್ರೆ ಬರೆದಿದ್ದ."

"ಬರೆದಿದ್ದ."

"ಅರ್ಜಿ ಕೊಟ್ಟ ದಿನ ಮನೆಗೆ ಬಂದು ಹೇಳಿದ್ದ ಮೇಷ್ಟ್ರೇ. ಒಬ್ಬನೇ ಹೋಗಲ್ಲಮ್ಮ, ಜೊತೆಗೆ ಒಬ್ಬರನ್ನ ಕೇಳಿ ಬರೆದಿದೀನಿ, ನೀನು ಹೆದರಬೇಡ ಅಂದ. ಅದಕ್ಕೇ ನಾನು ಬಿಟ್ಟದ್ದು. ಆಮೇಲೆ ನೀವೆಲ್ಲ ಅವನು ಕೇಳೇ ಇರಲಿಲ್ಲ ಅಂದ್ರಿ. ದೊಡ್ಡವರು, ಓದಿದವರು, ಕಾಗದ ನೋಡಿ ಹೇಳ್ತಾರೆ. ನನ್ನ ಹತ್ರ ಏನಿತ್ತು?" ಅವಳು ಹೆಬ್ಬೆರಳಿನ ಗಂಟನ್ನು ಇನ್ನೊಂದು ಕೈಯಿಂದ ಉಜ್ಜಿಕೊಂಡಳು. "ಒಂಬತ್ತು ವರ್ಷ ಅವನನ್ನ ಸುಳ್ಳ ಅಂತ ಬೈದೆ. ಮಷಿನ್ ತುಳಿಯುವಾಗೆಲ್ಲ ಬೈದೆ. ತಾಯಿ ಮುಖ ನೋಡ್ಕೊಂಡು ಸುಳ್ಳು ಹೇಳಿ ಹೋದ್ಯಲ್ಲೋ ಅಂತ. ಅತ್ತದ್ದೂ ಅಷ್ಟಕ್ಕಷ್ಟೇ. ಸಿಟ್ಟು ಅಳೋಕೆ ಬಿಡಲ್ಲ."

ಮೇಷ್ಟ್ರು ಬಾಯಿ ತೆರೆದರು. ತಾವು ಕದ್ದದ್ದು ಒಂದು ಹಾಳೆ ಎಂದೇ ಇಷ್ಟು ದಿನ ಲೆಕ್ಕವಿಟ್ಟಿದ್ದರು. "ಅಮ್ಮಾ, ನಾನು..."

"ನೀವು ಒಳಗೆ ಹೋಗಿ ಮೇಷ್ಟ್ರೇ." ಅವಳು ಮೊದಲ ಸಲ ಅವರ ಕಡೆ ತಿರುಗಿದಳು. ಆ ಕಣ್ಣಿನಲ್ಲಿ ಅವರಿಗೆಂದು ಏನೂ ಇರಲಿಲ್ಲ. ಸಿಟ್ಟೂ ಇಲ್ಲ, ಕ್ಷಮೆಯೂ ಇಲ್ಲ, ತುರ್ತಾಗಿ ಬೇರೆಲ್ಲಿಗೋ ಹೋಗಬೇಕಾದವಳ ಅವಸರ ಮಾತ್ರ ಇತ್ತು. "ನಿಮ್ಮ ವಿಷಯ ಆಮೇಲೆ ನೋಡೋಣ. ಈಗ ನಾನು ಅವನ ಹತ್ರ ಸ್ವಲ್ಪ ಮಾತಾಡಬೇಕು."

ಅವರು ಬಾಗಿಲ ಬಳಿ ಬಂದರು. ಒಳಗೆ ಗುಮಾಸ್ತ ಬರೆದ ಹಾಳೆಯನ್ನು ಮೇಜಿನ ಈ ತುದಿಗೆ ತಿರುಗಿಸಿಟ್ಟು, ಸಹಿಗೆಂದು ಪೆನ್ನಿನ ಮುಚ್ಚಳ ತೆಗೆದಿಟ್ಟಿದ್ದ. ಪ್ರಿನ್ಸಿಪಾಲರೂ ಮೇಡಮ್ಮೂ ಬೇರೆ ಬೇರೆ ಕಿಟಕಿಗಳ ಕಡೆ ಮುಖ ಮಾಡಿದ್ದರು. ಹಿಂದೆ ಬೆಂಚಿನಿಂದ ಅವಳ ದನಿ ಕೇಳಿಸತೊಡಗಿತು. ಬಹಳ ದಿನದ ಮೇಲೆ ಮನೆಗೆ ಬಂದವನನ್ನು ಹೊಸಿಲಲ್ಲೇ ನಿಲ್ಲಿಸಿಕೊಂಡು ಕೇಳುವಂಥ, ನಡುನಡುವೆ ತಡೆಯುವ, ಸಣ್ಣ ದನಿ. ಅದರಲ್ಲಿ ಒಂದು ಮಾತೂ ತಮ್ಮ ಕಿವಿಗೆ ಬೀಳಬಾರದೆಂದು ಮೇಷ್ಟ್ರು ಒಳಗೆ ಬಂದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು.